ಅಂಗಾತ, ಬೋರಲು, ಮಗ್ಗುಲು

ಆಂಟೆನಾ ಕಾರ್ಖಾನೆಯಲ್ಲಿ ಎಲ್ಲರೂ ಅವಳನ್ನು ಮೂಲೆ ಮೇಡಂ ಎಂದೇ ಕರೆಯುತ್ತಿದ್ದರು. ಚೌಕದ ತಾಮ್ರದ ತಗಡಿನ ಎದುರುಬದುರು ಮೂಲೆ ಕತ್ತರಿಸುವುದರಲ್ಲೇ ಅರ್ಧ ಆಯಸ್ಸು ಕಳೆದವಳು. ಮೂಲೆ ಕತ್ತರಿಸದ ಆಂಟೆನಾದ ರೇಡಿಯೊ ಅಲೆ ಒಂದೇ ದಿಕ್ಕಿನಲ್ಲಿ ತೂಗುತ್ತದೆ. ಆ ಅಲೆಗೆ ಉತ್ತರ ಕೊಡಲೆಂದು ಕೆಲಸಗಾರರ ಕೋಟಿಗೆ ಸಿಕ್ಕಿಸಿದ ಟ್ಯಾಗ್ ಅದಕ್ಕೆ ಅಡ್ಡ ತಿರುಗಿತೋ, ಕಾಣುವುದೇ ಇಲ್ಲ. ನಿಂತವನು ಕಾಣುತ್ತಾನೆ, ಬಿದ್ದವನು ಮಾಯ. ಅಳತೆಗೆ ಸರಿಯಾಗಿ ಕತ್ತರಿಸಿದರೆ ಅಲೆ ಸುತ್ತುತ್ತ ಹೊರಟು, ಟ್ಯಾಗ್ ಹೇಗೆ ತಿರುಗಿದ್ದರೂ ಹಿಡಿಯುತ್ತದೆ. ಕೂದಲೆಳೆಯಷ್ಟು ಹೆಚ್ಚುಕಮ್ಮಿಯಾದರೂ ಕೆಲಸ ಕೆಟ್ಟಂತೆಯೇ. ಇದಕ್ಕೆ ತಾಳ್ಮೆ ಬೇಕು, ಇಲ್ಲವೇ ಹಟ ಬೇಕು. ಅವಳಲ್ಲಿದ್ದದ್ದು ಹಟ.

ಕಾರ್ಖಾನೆ ಅವಳ ಅಕ್ಕ-ಭಾವನದು. ಒಂದು ಶೈತ್ಯಾಗಾರದ ಗೋಡೆಗಳಿಗೆ ಆಂಟೆನಾ ಕೂರಿಸುವ ಕೆಲಸ ಸಿಕ್ಕಿತ್ತು. ಅವಳ ತಮ್ಮ ಅಲ್ಲೇ ಪೆಟ್ಟಿಗೆ ಹೊರುತ್ತಿದ್ದ. ಒಳಗೆ ಆಂಟೆನಾಕ್ಕೆ ಟ್ಯಾಗ್ ಕಾಣುವಷ್ಟು ಹೊತ್ತು ದೀಪ ಉರಿಯುತ್ತದೆ. ಕಾಣದಿದ್ದರೆ ದೀಪ ಆರಿ, ಹೊರಗಿನ ಬೋರ್ಡಿನಲ್ಲಿ ‘ಖಾಲಿ’ ಎಂದು ಬರುತ್ತದೆ, ಕಾವಲುಗಾರ ಬೀಗ ಹಾಕಿ ಮನೆಗೆ ಹೋಗುತ್ತಾನೆ. ಪ್ರಜ್ಞೆ ತಪ್ಪಿದವನೊಬ್ಬ ಒಳಗೇ ಉಳಿದರೆ ಬೆಳಗಾಗುವಷ್ಟರಲ್ಲಿ ಅವನ ಕಥೆ ಮುಗಿದಿರುತ್ತದೆ.

ಕೆಲಸ ಮುಗಿಸಿ ಒಪ್ಪಿಸುವ ದಿನ ಅವಳು ಎದೆಗೆ ಟ್ಯಾಗ್ ಸಿಕ್ಕಿಸಿಕೊಂಡು ಆ ಕೊರೆಯುವ ನೆಲದ ಮೇಲೆ ಅಂಗಾತ ಮಲಗಿದಳು. ದೀಪ ಆರಲಿಲ್ಲ. ಹೊರಗೆ ಭಾವ ನಿಟ್ಟುಸಿರು ಬಿಟ್ಟರು, ಶೈತ್ಯಾಗಾರದ ಮಾಲೀಕ ಸಹಿ ಹಾಕಲು ಪೆನ್ನು ತೆಗೆದ.

ಕೈಕೊಟ್ಟು ಎಬ್ಬಿಸುತ್ತ ತಮ್ಮ ಮೆಲ್ಲಗೆ ಹೇಳಿದ. “ಅಕ್ಕ, ಹೋದ ವರ್ಷ ನಾನು ಬಿದ್ದಾಗ ಹೀಗೆ ಬಿದ್ದಿರ್ಲಿಲ್ಲ. ಪೆಟ್ಟಿಗೆ ಹೊತ್ತೋರು ಮುಗ್ಗರಿಸಿದ್ರೆ ಮುಂದಕ್ಕೇ ಬೀಳೋದು.”

ಅವಳು ಎದೆಯ ಮೇಲಿನ ಟ್ಯಾಗ್ ಮುಟ್ಟಿ ನೋಡಿಕೊಂಡಳು. ಇಷ್ಟು ದಿನದ ಪರೀಕ್ಷೆಯಲ್ಲೆಲ್ಲ ಅವಳು ಮಲಗಿದ್ದು ಅಂಗಾತ, ಆರಾಮವಾಗಿ, ಸೂರು ನೋಡುತ್ತ! ಬೋರಲು ಬಿದ್ದರೆ ಟ್ಯಾಗ್ ಮೈಯಡಿ ಸೇರುತ್ತದೆ, ಮೈಯ ನೀರು ಅಲೆಯನ್ನೆಲ್ಲ ನುಂಗಿಬಿಡುತ್ತದೆ. ಯಾವ ಮೂಲೆ ಕತ್ತರಿಸಿದರೂ ಅದಕ್ಕೆ ಮದ್ದಿಲ್ಲ.

“ಭಾವ, ಇನ್ನೊಂದ್ಸಲ ನೋಡ್ಬೇಕು,” ಎಂದಳು ಹೊರಗೆ ಬಂದು.

“ಆಗ್ಲೇ ಪಾಸಾಯ್ತಲ್ಲಮ್ಮ!” ಭಾವ ಹಲ್ಲು ಕಚ್ಚಿಕೊಂಡೇ ಪಿಸುಗುಟ್ಟಿದರು. “ಈ ಕೆಲಸ ಕೈತಪ್ಪಿದ್ರೆ ಕಾರ್ಖಾನೆ ಮುಚ್ಚಬೇಕಾಗುತ್ತೆ. ಸುಮ್ನೆ ಬಾ.”

ಸುಮ್ಮನೆ ಬರುವ ಜಾಯಮಾನ ಅವಳದಾಗಿದ್ದರೆ ತಾನೇ? ಮತ್ತೆ ಒಳಗೆ ಹೋಗಿ ಬಾಗಿಲು ಎಳೆದುಕೊಂಡು ಬೋರಲು ಮಲಗಿದಳು. ಕೆನ್ನೆ ನೆಲಕ್ಕೆ ಅಂಟಿತು. ಉಸಿರು ಬಿಗಿಹಿಡಿದು ಕಾದಳು.

ದೀಪ ಆರಿತು.

ಹೊರಗೆ ತಮ್ಮ ನಿಂತಿದ್ದಾನೆಂದು ಗೊತ್ತು, ಬಾಗಿಲಿಗೆ ಒಳಗಿನಿಂದಲೂ ಹಿಡಿಯಿದೆಯೆಂದು ಗೊತ್ತು. ಆದರೂ ಅವಳು ಏಳಲಿಲ್ಲ. ಇದೇ ಕತ್ತಲಲ್ಲಿ ಅವನು ಬಿದ್ದಿದ್ದರೆ, ತನ್ನ ಆಂಟೆನಾವೇ ‘ಖಾಲಿ’ ಎಂದಿದ್ದರೆ? ಅವಳಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು. ಅಷ್ಟರಲ್ಲಿ ಬಾಗಿಲು ದಡಾರನೆ ತೆರೆಯಿತು. ಓಡಿ ಬಂದದ್ದು ತಮ್ಮನಲ್ಲ, ಭಾವ.

“ಬೋರ್ಡಲ್ಲಿ ಖಾಲಿ ಅಂತ ಬಂತು ಕಣಮ್ಮ,” ಎಂದರು. “ನೀನು ಒಳಗಿದ್ದೆ.” ಆಮೇಲೆ ಮಾಲೀಕನ ಕಡೆ ತಿರುಗಿ, “ಇವತ್ತು ಸಹಿ ಬೇಡ ಸರ್,” ಎಂದರು.

ಮಾಲೀಕ ಕೂಗಾಡಿದ, ಮರುದಿನದವರೆಗಷ್ಟೇ ಗಡುವು ಕೊಟ್ಟ. ಅವಳ ಅಕ್ಕ ರಾತ್ರಿಯೆಲ್ಲ ಕೂತು ಕೆಲಸಗಾರರ ಪ್ರತಿ ಕೋಟಿನ ಬೆನ್ನಿಗೂ ಇನ್ನೊಂದು ಟ್ಯಾಗ್ ಹೊಲಿದಳು.

ಮರುದಿನ ಅವಳು ಅಂಥದೊಂದು ಕೋಟು ತೊಟ್ಟು ಮತ್ತೆ ಬೋರಲು ಮಲಗಿದಳು. ಎಷ್ಟು ಹೊತ್ತಾದರೂ ದೀಪ ಆರಲಿಲ್ಲ. ಮಾಲೀಕ ಪೆನ್ನು ತೆಗೆದ.

“ಏಳಮ್ಮ, ಆಯ್ತು!” ಭಾವ ಬಾಗಿಲಿಂದಲೇ ಕೂಗಿದರು.

“ಬಾಗಿಲು ಹಾಕಿ ಭಾವ,” ಎಂದಳು ಅವಳು, ತಲೆಯೆತ್ತದೆ. “ಇನ್ನೂ ಮಗ್ಗುಲಾಗಿ ಮಲಗಿ ನೋಡಿಲ್ಲ.”