ಕಾಂಕ್ರೀಟಿಗೆ ಉಪ್ಪು ಹಾಕಿದವರು

ನಿನ್ನೆ ಸೇಲಂ ಬಸ್ ನಿಲ್ದಾಣದಲ್ಲಿ ಉಪ್ಪು-ಖಾರ ಸವರಿದ ಮಾವಿನಕಾಯಿಯ ವಾಸನೆ ಮೂಗಿಗೆ ಬಡಿಯಿತು. ನಿಮಗಾದರೆ ಬಾಯಲ್ಲಿ ನೀರೂರುತ್ತಿತ್ತು. ನನಗೆ ಕಿವಿ ಬಿಸಿಯಾಯಿತು.

ವರ್ಷಗಳ ಹಿಂದಿನ ಮಾತು, ಆಗ ನಾನು ಹೊಸ ಇಂಜಿನಿಯರಮ್ಮ. ತಮಿಳು ಸೀಮೆಯ ಪಾಲಕೋಡಿನ ಹತ್ತಿರ ಒಂದು ಶಾಲೆಗೆ ತಾರಸಿ ಹಾಕುತ್ತಿದ್ದರು. ಲಾರಿಯಲ್ಲಿ ಬರುವ ಹಸಿ ಕಾಂಕ್ರೀಟಿನಲ್ಲಿ ಉಪ್ಪಿದೆಯೇ ಎಂದು ನೋಡುವುದು ನನ್ನ ಕೆಲಸ. ಉಪ್ಪು ಹೆಚ್ಚಾದರೆ ಒಳಗಿನ ಕಂಬಿ ತುಕ್ಕು ಹಿಡಿದು, ಎಂದಾದರೊಂದು ದಿನ ಮಕ್ಕಳ ತಲೆಯ ಮೇಲೆ ಚಕ್ಕೆ ಉದುರುತ್ತದೆ. ಪರೀಕ್ಷೆಯೇನೋ ಸುಲಭ: ಕಾಂಕ್ರೀಟನ್ನು ಬಟ್ಟೆಯಲ್ಲಿ ಹಿಂಡಿ, ಬಂದ ನೀರಿಗೆ ಕಂದು ಬಣ್ಣದ ಪಟ್ಟಿ ಅದ್ದಬೇಕು. ಬಿಳಿ ಗೆರೆ ಎಷ್ಟು ಮೇಲೇರಿತೋ ಅಷ್ಟು ಉಪ್ಪು. ಆ ಕೆಲವು ನಿಮಿಷ ನನ್ನ ಗತ್ತು ನೀವು ನೋಡಬೇಕಿತ್ತು.

ಮೊದಲ ಲಾರಿಗೇ ಬಿಳಿ ಗೆರೆ ತುದಿ ಮುಟ್ಟಿತು. "ಲಾರಿ ವಾಪಸ್!" ಎಂದು ಕೂಗಿದೆ. ಮೇಸ್ತ್ರಿ ಮಾದಪ್ಪ, ನಮ್ಮ ಹಾಗೆ ಕನ್ನಡದವನೇ, ಪಟ್ಟಿಯನ್ನು ಬಿಟ್ಟು ನನ್ನ ಕೈಯನ್ನೇ ನೋಡಿದ.

"ಅಮ್ಮಣ್ಣಿ, ಮಾಂಗಾ ಚೆನ್ನಾಗಿತ್ತಾ?"

ಆಗಷ್ಟೇ ತಿಂದ ಮಾವಿನಕಾಯಿಯದು: ಬೆರಳ ತುಂಬ ಉಪ್ಪು, ಉಗುರಲ್ಲಿ ಖಾರ. ಎಲ್ಲರಿಗೂ ಬೋಧಿಸುತ್ತಿದ್ದ ಕೈಗವಸು ಚೀಲದಲ್ಲಿ ಮಡಿಯಾಗಿ ಮಲಗಿತ್ತು.

"ಕೈ ತೊಳ್ಕೊಂಡು ಇನ್ನೊಂದ್ ಕಿತ ನೋಡ್ ತಾಯಿ."

ಎರಡನೆಯ ಪಟ್ಟಿಯಲ್ಲಿ ಗೆರೆ ಕದಲಲೇ ಇಲ್ಲ. ಕೆಲಸದವರೆಲ್ಲ ನಕ್ಕರು. ಲಾರಿಯ ಡ್ರೈವರಂತೂ ಚಕ್ರಕ್ಕೆ ಒರಗಿ ನಕ್ಕ.

ಮಾರನೆಯ ದಿನ ಉಳಿದರ್ಧ ತಾರಸಿ. ಅದೇ ಡ್ರೈವರ್. ಈ ಸಲ ಕೈಗವಸು ಹಾಕಿದ್ದೆ. ಗೆರೆ ಏರಿತು. ಇನ್ನೊಂದು ಪಟ್ಟಿ ಅದ್ದಿದೆ, ಅದೂ ಏರಿತು. ಸತ್ಯ ಹೇಳುತ್ತೇನೆ, ಎರಡನ್ನೂ ಜೇಬಿಗೆ ತುರುಕಿ ಸುಮ್ಮನಿದ್ದುಬಿಡೋಣ ಅನ್ನಿಸಿತು. ಆದರೂ ಬಾಯಿಬಿಟ್ಟೆ: "ವಾಪಸ್."

"ತಿರುಂಬ ಮಾಂಗಾಯಾ, ಮೇಡಂ?" ಮತ್ತೆ ಮಾವಿನಕಾಯಿಯಾ ಎಂದು ಡ್ರೈವರ್ ತಮಿಳಿನಲ್ಲಿ ಕೇಳಿದ. ಮತ್ತೆ ನಗೆ. ಮಾದಪ್ಪ ನಗಲಿಲ್ಲ. ಮೊಣಕೈವರೆಗೆ ಕೈ ತೊಳೆದ, ತಾನೇ ಹಿಂಡಿದ, ತಾನೇ ಪಟ್ಟಿ ಅದ್ದಿ ನನ್ನ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತ. ಬಿಳಿ ಗೆರೆ ಅವನ ಕಣ್ಣೆದುರಿಗೇ ತುದಿ ಮುಟ್ಟಿತು.

"ದಾರೀಲಿ ನೀರ್ ಉಯ್ದೆಯಾ ಲೇ?"

ಡ್ರೈವರ್ ತಲೆ ಕೆರೆದು ಕನ್ನಡಕ್ಕಿಳಿದ. "ಟೀ ಕುಡಿಯಕ್ಕೆ ನಿಲ್ಸಿದ್ದೆ ಅಣ್ಣಾ. ಗಟ್ಟಿ ಆಗೋಯ್ತು. ಅಲ್ಲೇ ಬೋರ್ ಇತ್ತು..."

"ಆ ಉಪ್ಪು ಬೋರ್ ನೀರ್ನ ದನಾನೂ ಮೂಸಲ್ಲ! ಇಸ್ಕೂಲ್ ಮಕ್ಕಳ ತಲೆ ಮ್ಯಾಲೆ ಆಕ್ತೀಯಾ? ತಗೊಂಡ್ ಓಗು!"

ಲಾರಿ ತಿರುಗಿತು. ಆ ದಿನ ಮತ್ತೆ ಯಾರೂ ನಗಲಿಲ್ಲ.

ಈಗ ನನ್ನ ಕೈಕೆಳಗೆ ನಾಲ್ವರು ಇಂಜಿನಿಯರುಗಳಿದ್ದಾರೆ. ಯಾರಾದರೂ ಒಮ್ಮೆ ಬೆಪ್ಪಾಗಿ, ಮಾರನೆಯ ದಿನವೂ ಲಾರಿ ತಡೆದರೆ, ಆಫೀಸಿನಿಂದ ಫೋನು ಮಾಡಿ ಗದರುವುದಿಲ್ಲ. ಹೋಗಿ ಅವರ ಪಕ್ಕದಲ್ಲಿ ಕೂರುತ್ತೇನೆ. ದಾರಿಯುದ್ದಕ್ಕೂ ನಕ್ಕಿರುತ್ತೇನೆ, ಅದು ಬೇರೆ ಮಾತು.