ಗೂಬೆಮನೆಯ ಮಾತಿನಮಲ್ಲಿ

ಅವಳಿಗೆ ಅಪ್ಪ ಅಮ್ಮ ಇಟ್ಟ ಹೆಸರು ಯಾರಿಗೂ ನೆನಪಿರಲಿಲ್ಲ. ಬಾಯಿ ತೆರೆದರೆ ಅರಳು ಹುರಿದಂತೆ ಮಾತು, ಹಾಗಾಗಿ ಎಲ್ಲರಿಗೂ ಅವಳು ಮಾತಿನಮಲ್ಲಿ. ಬಸ್ಸಿನಲ್ಲಿ ಪಕ್ಕ ಕೂತವರ ಮನೆಯ ಕಥೆಯನ್ನು ಇಳಿಯುವುದರೊಳಗೆ ಪೂರಾ ಹೊರಡಿಸಿ, ತನ್ನದನ್ನೂ ಅವರ ಉಡಿಗೆ ಕಟ್ಟಿ ಕಳಿಸುವ ಹೆಂಗಸು. ಅಂಥವಳಿಗೆ ದೇವರು ಎಂಥ ಕೆಲಸ ಕೊಟ್ಟ ನೋಡಿ: ಇಡೀ ದಿನ ತುಟಿ ಪಿಟಕ್ ಎನ್ನಬಾರದ ಕೆಲಸ.

ಕಾಡಿನ ಅಂಚಿನಲ್ಲಿ ಗೂಬೆಯ ಮೊಟ್ಟೆಗಳಿಗೆ ಕಾವು ಕೊಟ್ಟು, ಮರಿಗಳನ್ನು ಸಾಕಿ ಕಾಡಿಗೆ ಬಿಡುವ ಕಟ್ಟಡವೊಂದಿತ್ತು. ಊರವರು ಅದನ್ನು ಗೂಬೆಮನೆ ಎನ್ನುತ್ತಿದ್ದರು. ಮರಿಗಳಿಗೆ ಉಣಿಸುವುದು ಅವಳ ಕೆಲಸ. ತಲೆಯಿಂದ ಮೊಣಕಾಲಿನವರೆಗೆ ಕಂದು ಬಟ್ಟೆಯ ಮುಸುಕು. ಬಲಗೈಗೆ ತಾಯಿಗೂಬೆಯ ಮುಖ ಹೊಲಿದ ಕೈಗವಸು. ಅದರ ಕೊಕ್ಕಿನ ಸಂದಿಗೆ ಇಲಿಮಾಂಸದ ಚೂರು ಸಿಕ್ಕಿಸಿ ಗೋಡೆಯ ಕಿಂಡಿಯಿಂದ ಒಳಗೆ ಚಾಚಬೇಕು. ಮನುಷ್ಯರ ಮುಖ ಮರಿಗೆ ಕಾಣಬಾರದು, ದನಿ ಕೇಳಬಾರದು. ತುತ್ತು ಕೊಡುವವರು ಮನುಷ್ಯರು ಎಂದು ಒಮ್ಮೆ ಗೊತ್ತಾದರೆ ಮುಗಿಯಿತು, ಕಾಡಿಗೆ ಬಿಟ್ಟ ಮೇಲೂ ಅದು ಮನುಷ್ಯರ ಹತ್ತಿರವೇ ಹಾರಿ ಬರುತ್ತದೆ. ಕಲ್ಲು ಹೊಡೆಯುವವರ ಹತ್ತಿರವೂ ಬರುತ್ತದೆ.

“ನಿನ್ನ ಬಾಯಿ ಮುಚ್ಸೋಕೆ ಸಂಬಳ ಬೇರೆ ಕೊಡ್ತಾರೇನೇ? ನನ್ನ ಕೇಳಿದ್ರೆ ಪುಕ್ಕಟೆ ಮುಚ್ಚಿಸ್ತಿದ್ದೆ” ಎಂದು ಅವಳ ಅಕ್ಕ ನಗಾಡುತ್ತಿದ್ದಳು.

“ಉಳಿದ ಮಾತೆಲ್ಲ ಮನೆಗೆ ಹೊತ್ಕೊಂಡು ಬರ್ತೀನಿ ಬಿಡಕ್ಕಾ.”

ಹೊತ್ತುಕೊಂಡೇನೋ ಬರುತ್ತಿದ್ದಳು. ಇಳಿಸುವುದು ಯಾರ ಮುಂದೆ? ಗಂಡನಿಗೆ ಕಿವಿ ಕೇಳುತ್ತಿರಲಿಲ್ಲ.

ಅವನು ಮರ ಕೊಯ್ಯುವ ಮಿಲ್ಲಿನಲ್ಲಿ ದುಡಿದವನು. ವಯಸ್ಸೆಲ್ಲ ಗರಗಸದ ಪಕ್ಕ ನಿಂತು, ಅದರ ಕಿರುಚಾಟಕ್ಕೆ ಎರಡೂ ಕಿವಿ ಕೊಟ್ಟು ಬಂದಿದ್ದ. ಆ ಮಿಲ್ಲಿಗೆ ಕಾಡಿನಿಂದ ಮೊದಲು ಬರುತ್ತಿದ್ದದ್ದು ಪೊಟರೆ ಬಿದ್ದ ಹಳೆಯ ಮರಗಳು. “ಒಳಗೆ ಟೊಳ್ಳು, ನಿಂತು ಏನ್ ಮಾಡ್ಬೇಕು?” ಎಂದು ಮೇಸ್ತ್ರಿ ಅಂಥವಕ್ಕೇ ಮೊದಲು ಗುರುತು ಹಾಕುತ್ತಿದ್ದ. ಆದರೆ ಈ ಗೂಬೆ ಗೂಡು ಕಟ್ಟುವ ಜಾತಿಯಲ್ಲ. ಪೊಟರೆಯಿದ್ದರೆ ಸಂಸಾರ, ಇಲ್ಲದಿದ್ದರೆ ಇಲ್ಲ. ಹಾಡುಹಗಲೇ ಬೇಟೆಯಾಡುತ್ತ, ಒಂದು ಕಾಲಕ್ಕೆ ರಸ್ತೆ ಬದಿಯ ಕೊಂಬೆಯಲ್ಲೂ ಕಾಣಿಸುತ್ತಿದ್ದ ಹಕ್ಕಿ ವರ್ಷ ವರ್ಷಕ್ಕೆ ಕರಗಿ ಬೆರಳೆಣಿಕೆಗೆ ಬಂತು. ಮಿಲ್ಲೂ ಮರವಿಲ್ಲದೆ ಬಾಗಿಲು ಹಾಕಿತು. ಯಾರ ತಲೆಯ ಮೇಲೆ ಗೂಬೆ ಕೂರಿಸೋಣ ಹೇಳಿ? ಹೊಟ್ಟೆಪಾಡಿಗೆ ಕೊಯ್ದವರ ಮೇಲೋ, ಆ ಹಲಗೆಯಲ್ಲಿ ಮಂಚ ಮಾಡಿಸಿಕೊಂಡು ಸುಖವಾಗಿ ಮಲಗಿದವರ ಮೇಲೋ? ಈಗ ಗಂಡ ಮನೆಯಂಗಳದಲ್ಲಿ ಕೂತು, ಉಳಿದ ಹಲಗೆ ಚೂರುಗಳಲ್ಲಿ ಗೂಬೆಗಳಿಗೆ ಗೂಡುಪೆಟ್ಟಿಗೆ ಮಾಡಿ ಕೊಡುತ್ತಿದ್ದ. ತೀರ ಎದುರಿಗೆ ನಿಂತು ನಿಧಾನವಾಗಿ ಹೇಳಿದರೆ ಹೆಂಡತಿಯ ತುಟಿ ನೋಡಿ ಒಂದಿಷ್ಟು ತಿಳಿಯುತ್ತಿತ್ತು. ಆದರೆ ಅವಳು ನಿಧಾನವಾಗಿ ಮಾತಾಡಿದ್ದು ಯಾವಾಗ? ಎಲ್ಲಕ್ಕೂ “ಹ್ಞೂಂ, ಹ್ಞೂಂ” ಎನ್ನುತ್ತಿದ್ದ. “ಮನೆಗೆ ಬೆಂಕಿ ಬಿದ್ದಿದೆ ರೀ” ಎಂದರೂ ಹ್ಞೂಂ. ಅವಳು ಬಿದ್ದು ಬಿದ್ದು ನಗುತ್ತಿದ್ದಳು, ಆಮೇಲೆ ಒಲೆಯ ಕಡೆ ತಿರುಗಿ ಕಣ್ಣೊರೆಸಿಕೊಳ್ಳುತ್ತಿದ್ದಳು.

ಆ ವರ್ಷದ ಕೊನೆಯ ಮೊಟ್ಟೆ ತಡವಾಗಿ ಒಡೆಯಿತು. ಹೊರಬಂದ ಮರಿ ಒದ್ದೆ ಹತ್ತಿಯ ಉಂಡೆಯಷ್ಟಿತ್ತು. ಕೈಗವಸಿನ ಕೊಕ್ಕನ್ನು ಎಷ್ಟು ಮುಂದೆ ಹಿಡಿದರೂ ಬಾಯಿ ಬಿಡದು. ಗೂಬೆಮನೆ ನೋಡಿಕೊಳ್ಳುತ್ತಿದ್ದ ಡಾಕ್ಟರಮ್ಮ ಅವಳನ್ನು ಹೊರಗೆ ಕರೆದು, “ಇದು ಉಳಿಯೋ ಹಾಗೆ ಕಾಣಲ್ಲ ಅಕ್ಕ. ನೋಡಿ, ನಿಮ್ಮ ಕೈಲಾದಷ್ಟು ಮಾಡಿ” ಎಂದು ಹೇಳಿ ಹೋದರು.

ಅವಳು ಒಳಗೆ ಬಂದು ಬಾಗಿಲು ಹಾಕಿಕೊಂಡಳು. ಕೈಗವಸು ಕಳಚಿದಳು, ಮುಸುಕು ತೆಗೆದಳು. ಮರಿಯನ್ನು ಶಾಲಿನೊಳಗೆ ಎದೆಗೆ ಒತ್ತಿ ಹಿಡಿದಳು. ಆಮೇಲೆ ಬಾಯಿ ತಾನಾಗಿಯೇ ತೆರೆದುಕೊಂಡಿತು.

“ಯಾಕೋ ಕಂದ, ಬಂದ ತಕ್ಷಣ ಬೇಜಾರಾಗೋಯ್ತಾ? ಬಾ ನನ್ ಬಂಗಾರ, ಒಂದೇ ಒಂದು ತುತ್ತು.”

ಮರಿ ಮಿಸುಕಾಡಿತು. ದನಿ ಬಂದ ಕಡೆ ಕತ್ತು ತಿರುಗಿಸಿತು. ಬಾಯಿ ತೆರೆಯಿತು.

ಇನ್ನು ಅವಳನ್ನು ಹಿಡಿಯುವವರು ಯಾರು? ಬೆಳಗ್ಗೆ ಹಾಲು ಉಕ್ಕಿ ಒಲೆಯೆಲ್ಲ ರಾಡಿಯಾದದ್ದು, ಅಕ್ಕನ ಸೊಂಟನೋವು, ಗಂಡ ಕನ್ನಡಕ ತಲೆಯ ಮೇಲಿಟ್ಟುಕೊಂಡು ಮನೆಯೆಲ್ಲ ಹುಡುಕಿದ್ದು, ಎಲ್ಲ ಮರಿಯ ಮುಂದೆ ಬಂತು. ಮರಿ ಕತ್ತು ಓರೆ ಮಾಡಿ ಕೇಳುತ್ತಿತ್ತು. ನಡುನಡುವೆ ಚಿರ್ರ್ ಎನ್ನುತ್ತಿತ್ತು, ಅದೂ ಸರಿಯಾದ ಜಾಗದಲ್ಲೇ ಎಂದು ಅವಳ ನಂಬಿಕೆ. ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುತ್ತಾರೆ, ಇವಳಿಗಂತೂ ಹೆಗ್ಗಣ ತಿನ್ನುವುದೇ ಮುದ್ದಾಗಿತ್ತು. ಎಷ್ಟೋ ವರ್ಷದ ಮೇಲೆ ತನ್ನ ಮಾತು ಒಂದು ಜೀವಕ್ಕೆ ಬೇಕಾಗಿದೆ ಅನಿಸಿ ಅವಳ ಹೊಟ್ಟೆ ತಣ್ಣಗಾಗಿತ್ತು. ತಪ್ಪೆಂದು ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು. ಬದುಕಿಕೊಳ್ಳಲಿ, ಆಮೇಲೆ ನಿಲ್ಲಿಸಿದರಾಯಿತು ಎಂದುಕೊಂಡಳು. ಮರಿ ಬದುಕಿಕೊಂಡಿತು. ಅವಳು ನಿಲ್ಲಿಸಲಿಲ್ಲ.

ಮರಿಗಳಿಗೆ ರೆಕ್ಕೆ ಬಲಿತ ಮೇಲೆ ದೊಡ್ಡ ಬಲೆಮನೆಗೆ ಬಿಟ್ಟರು. ಕಾಡಿಗೆ ಕಳಿಸುವ ಮೊದಲು ಒಂದು ಪರೀಕ್ಷೆ: ಬಲೆಯ ಹೊರಗೆ ಜನ ಮಾತಾಡುತ್ತ ಹಾದುಹೋಗಬೇಕು, ಮರಿಗಳು ಹೆದರಿ ದೂರ ಹೋಗಬೇಕು. ಡಾಕ್ಟರಮ್ಮ ಜೋರಾಗಿ ಮಾತಾಡುತ್ತ ಬಂದರು. ಮರಿಗಳೆಲ್ಲ ಬುಸುಗುಟ್ಟಿ ಆಚೆ ತುದಿಗೆ ಹಾರಿದವು. ಕೊನೆಯ ಮರಿ ಮಾತ್ರ ಇದ್ದಲ್ಲೇ ಕೂತು ಪಿಳಿಪಿಳಿ ನೋಡಿತು. ಹಿಂದೆ ಬರುತ್ತಿದ್ದ ಮಾತಿನಮಲ್ಲಿಯ ಕಣ್ಣು ಅದರ ಮೇಲೇ ಇತ್ತು. ನೆಲ ನೋಡದೆ ನಡೆದು ಕಲ್ಲಿಗೆ ಕಾಲೆಡವಿ, “ಅಯ್ಯೋ!” ಎಂದಳು.

ಅಷ್ಟೇ ಸಾಕಾಯಿತು. ಮರಿ ನೆಟ್ಟಗೆ ಹಾರಿಬಂದು ಅವಳ ಮುಖದೆದುರು ಬಲೆಗೆ ನೇತುಬಿದ್ದು ಬಾಯಿ ತೆರೆಯಿತು. ಚಿರ್ರ್, ಚಿರ್ರ್.

ಡಾಕ್ಟರಮ್ಮ ಮರಿಯಿಂದ ಅವಳ ಕಡೆ ತಿರುಗಿದರು. “ಬೈದ್ರೆ ಸರಿಹೋಗೋ ಹಾಗಿದ್ರೆ ಬೈತಿದ್ದೆ ಅಕ್ಕ” ಎಂದರು. “ಇದನ್ನ ಬಿಡೋಕಾಗಲ್ಲ. ಸಾಯೋವರೆಗೂ ಪಂಜರಾನೇ.”

“ಬೇರೆ ದಾರೀನೇ ಇಲ್ವಾ ಡಾಕ್ಟರಮ್ಮ? ನನ್ನ ಕೆಲಸದಿಂದ ತೆಗೀರಿ, ಏನ್ ಬೇಕಾದ್ರೂ ಮಾಡಿ. ಅದನ್ನ ಮಾತ್ರ ಕೂಡಿ ಹಾಕ್ಬೇಡಿ.”

“ಒಂದಿದೆ. ನಿಮ್ಮ ಕೈಲಿ ಮಾಡಿಸೋಕೆ ನಂಗೆ ಮನಸ್ಸಿಲ್ಲ. ಯಾವ ದನಿಗೆ ಓಡಿ ಬರುತ್ತೋ ಅದೇ ದನಿಗೆ ಹೆದರೋ ಹಾಗೆ ಮಾಡ್ಬೇಕು. ಗದರಿಸಿದ್ರೆ ಸಾಲದು. ಮುದ್ದು ಮಾಡೋ ಮಾತಲ್ಲೇ ಕರೀಬೇಕು, ಬಂದಾಗ ಹೆದರಿಸ್ಬೇಕು.”

ಉಪ್ಪು ತಿಂದವರು ನೀರು ಕುಡಿಯಲೇಬೇಕು ಎನ್ನುತ್ತಾರೆ. ಇಲ್ಲಿ ಉಪ್ಪು ತಿಂದವಳು ಅವಳು, ನೀರು ಕುಡಿಯಬೇಕಾದದ್ದು ಆ ಮರಿ.

ಮರುದಿನ ಮಧ್ಯಾಹ್ನ ಒಂದು ಹಳೆಯ ಡಬ್ಬ, ಒಂದು ಕೋಲು ಹಿಡಿದು ಬಲೆಯ ಮುಂದೆ ನಿಂತಳು. ಪಕ್ಕದಲ್ಲಿ ನೀರಿನ ಪೈಪು. “ಬಾ ನನ್ ಬಂಗಾರ, ಒಂದೇ ಒಂದು ತುತ್ತು” ಎಂದಳು. ಮರಿ ಬಂತು. ಡಬ್ಬ ಬಡಿದಳು, ಮುಖಕ್ಕೆ ನೀರು ಬಿಟ್ಟಳು. ಅದು ಕಂಗಾಲಾಗಿ ಹಾರಿ ಕಂಬಕ್ಕೆ ಬಡಿದುಕೊಂಡು ಬಿತ್ತು. ಅದು ಎದ್ದು ಕೂರುವವರೆಗೆ ಕಾದಳು. ಮತ್ತೆ ಕರೆದಳು. ಮತ್ತೆ ಬಂತು! ಒದ್ದೆ ಮೈಯಲ್ಲಿ, ತಪ್ಪು ಎಲ್ಲೋ ತನ್ನದೇ ಇರಬೇಕು ಎನ್ನುವಂತೆ ಹೆದರಿ ಹೆದರಿ ಬಂತು. ಮತ್ತೆ ಬಡಿದಳು.

“ಬರ್ಬೇಡ್ವೋ, ಬರ್ಬೇಡ್ವೋ ನನ್ನಪ್ಪಾ” ಎಂದು ಒಳಗೊಳಗೇ ಬೇಡಿಕೊಳ್ಳುತ್ತ, ಬಾಯಲ್ಲಿ “ಬಾ ಕಂದ” ಎನ್ನುತ್ತಿದ್ದಳು. ಎಷ್ಟೋ ದಿನ ಹೀಗೇ ನಡೆಯಿತು. ಒಂದು ಮಧ್ಯಾಹ್ನ ಕರೆದಾಗ ಅದು ಬರಲಿಲ್ಲ. ಗರಿ ಕೆದರಿ, ಬುಸುಗುಟ್ಟಿ, ಆಚೆ ತುದಿಯ ಮೂಲೆಗೆ ಒತ್ತಿಕೊಂಡಿತು. ಅವಳ ಕೈಯ ಡಬ್ಬ ಸದ್ದು ಮಾಡಿರಲೇ ಇಲ್ಲ.

“ಗೆದ್ರಿ ಅಕ್ಕ!” ಎಂದರು ಡಾಕ್ಟರಮ್ಮ. ಗೆದ್ದವಳು ಪೈಪಿನ ಕೆಸರಿನಲ್ಲಿ ಕೂತು ಬಾಯಿಗೆ ಶಾಲು ತುರುಕಿಕೊಂಡು ಅತ್ತಳು. ಆ ವಾರವೇ ಗುರುತಿಗಾಗಿ ಕಾಲಿಗೆ ಹಸಿರು ಬಳೆ ಹಾಕಿ ಮರಿಯನ್ನು ಕಾಡಿಗೆ ಬಿಟ್ಟರು. ಅದು ಹಿಂತಿರುಗಿ ನೋಡಲಿಲ್ಲ.

ವರ್ಷಗಳು ಹೋದವು. ಗಂಡ ಮಾಡಿದ ಪೆಟ್ಟಿಗೆಗಳಲ್ಲಿ ಗೂಬೆಗಳು ಒಂದೊಂದಾಗಿ ಸಂಸಾರ ಹೂಡಿದವು. ಈ ಕಣಿವೆಯಿಂದ ಆಚೆ ಕಣಿವೆಗೂ ಹಬ್ಬಿದವು. ಇಲ್ಲವೇ ಇಲ್ಲ ಎಂದುಕೊಂಡಿದ್ದ ಕೂಗು ಮತ್ತೆ ರಸ್ತೆಯವರೆಗೆ ಕೇಳಿಸತೊಡಗಿತು. ಒಂದು ಬೆಳಗ್ಗೆ ಡಾಕ್ಟರಮ್ಮ ಮುಖವರಳಿಸಿಕೊಂಡು ಮನೆಗೇ ಬಂದು, “ಬನ್ನಿ ಅಕ್ಕ, ನಿಮಗೊಂದು ತೋರಿಸ್ಬೇಕು” ಎಂದು ಕರೆದುಕೊಂಡು ಹೋದರು.

ಎತ್ತರದ ಮರದಲ್ಲಿ ಗಂಡ ಮಾಡಿದ ಪೆಟ್ಟಿಗೆ. ಅದರ ಕಿಂಡಿಯಲ್ಲಿ ಎರಡು ಮರಿಗಳ ಮುಖ. ಪಕ್ಕದ ಕೊಂಬೆಯಲ್ಲಿ ತಾಯಿ, ಕಾಲಲ್ಲಿ ಹಸಿರು ಬಳೆ. ಡಾಕ್ಟರಮ್ಮ ಕೆಳಗಿನಿಂದ ಅದೂ ಇದೂ ಹೇಳುತ್ತಲೇ ಇದ್ದರು. ತಾಯಿಗೂಬೆ ಮೈ ಬಿಗಿಹಿಡಿದು ಕೆಳಗೆ ನೋಡುತ್ತ ಕೂತಿತ್ತು, ಕದಲಲಿಲ್ಲ. ಮಾತಿನಮಲ್ಲಿ ಮೈಮರೆತಳು.

“ಅಮ್ಮ ಆಗ್ಬಿಟ್ಯೇನೇ ನನ್ ಬಂಗಾರ?”

ಗೂಬೆ ಕರ್ಕಶವಾಗಿ ಚೀರಿತು. ಮರಿಗಳು ಫಕ್ಕನೆ ಪೆಟ್ಟಿಗೆಯೊಳಗೆ ಮುಳುಗಿದವು. ತಾಯಿ ಮರದಿಂದ ಮರಕ್ಕೆ ಹಾರಿ, ಕಣ್ಣಿಗೆ ಸಿಗದಷ್ಟು ದೂರ ಹೋಗಿ ಚೀರುತ್ತಲೇ ಇತ್ತು.

“ನೋಡಿದ್ರಾ ಅಕ್ಕ, ಎಷ್ಟು ಚೆನ್ನಾಗಿ ನೆನಪಿಟ್ಕೊಂಡಿದೆ!” ಎಂದ ಡಾಕ್ಟರಮ್ಮ, ಅವಳ ಮುಖ ನೋಡಿ, ಕೈ ಹಿಡಿದು ಮನೆಯ ಕಡೆ ಹೊರಟರು.

ಮನೆಯಲ್ಲಿ ಗಂಡ ಹೊಸ ಪೆಟ್ಟಿಗೆಗೆ ಮೊಳೆ ಹೊಡೆಯುತ್ತಿದ್ದ. ಅವಳನ್ನು ಕಂಡು ಸುತ್ತಿಗೆ ಕೆಳಗಿಟ್ಟ.

“ನಿನ್ನ ಮರಿ ಇತ್ತೇನೇ?”

ತಲೆಯಾಡಿಸಿದಳು.

“ನಿನ್ನ ಗುರುತು ಹಿಡೀತಾ?”

ಅವಳು ಅವನೆದುರು ಕೂತು, ತುಟಿ ಕಾಣುವ ಹಾಗೆ ನಿಧಾನವಾಗಿ ಹೇಳಿದಳು: “ಹಿಡೀತು ರೀ. ದನಿ ಕೇಳಿದ ತಕ್ಷಣ ಹಿಡೀತು.”

ಈ ಸಲ ಅವನು ಹ್ಞೂಂ ಎನ್ನಲಿಲ್ಲ. ಇನ್ನೂ ಏನೋ ಹೇಳುತ್ತಾಳೆಂದು ಅವಳ ತುಟಿಯನ್ನೇ ನೋಡುತ್ತ ಕಾದ. ಅವಳು ಡಬ್ಬಿಯಿಂದ ಒಂದು ಮೊಳೆ ತೆಗೆದು ಅವನ ಕೈಗೆ ಕೊಟ್ಟಳು.