ಶೆಟ್ಲರ್ ಮನೆಯ ಎರಡು ಹೊತ್ತು

ಎನೋಸ್ ಶೆಟ್ಲರನ ಮನೆಗೆ ಊಟಕ್ಕೆ ಕರೆದರೆ ಎರಡು ಸಲ ಉಂಡು ಬರಬಹುದು, ಒಂದು ಹೆಂಡತಿಯ ಹೊತ್ತಿಗೆ, ಇನ್ನೊಂದು ಗಂಡನ ಹೊತ್ತಿಗೆ ಎಂದು ಅಕ್ಕಪಕ್ಕದವರು ನಗುತ್ತಿದ್ದರು. ನಗುವುದಕ್ಕೆ ಕಾರಣವೂ ಇತ್ತು. ಅಮೆರಿಕದ ಓಹಾಯೋದಲ್ಲಿ, ಹಳೆಯ ಕಟ್ಟಳೆಯ ಕ್ರೈಸ್ತರಾದ ನಮ್ಮ ಆಮಿಶ್ ಜನರಲ್ಲಿ, ವಸಂತ ಬಂತೆಂದು ಸರ್ಕಾರ ಚಳಿಗಾಲದವರೆಗೆ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಳ್ಳಿದಾಗ ಕೆಲವರು ತಳ್ಳುತ್ತಾರೆ, ಕೆಲವರು ತಳ್ಳುವುದಿಲ್ಲ. ತಳ್ಳಿದ್ದು ಅವಸರದ ಹೊತ್ತು, ತಳ್ಳದ್ದು ನಿಧಾನದ ಹೊತ್ತು. ನಮ್ಮ ಸಭೆಯ ಹಿರಿಯರು ಅದನ್ನು ಆಯಾ ಮನೆಗೆ ಬಿಟ್ಟಿದ್ದರು. ಬೇರೆ ಮನೆಗಳಲ್ಲಿ ಗಂಡ ಹೆಂಡತಿ ಕೂತು ಮಾತಾಡಿ ಒಂದನ್ನು ಹಿಡಿದರು. ಎನೋಸನ ಮನೆಯಲ್ಲಿ ಎರಡೂ ಉಳಿದವು.

ಹಸುವಿಗೆ ಸರ್ಕಾರದ ಗಡಿಯಾರ ತಿಳಿಯುತ್ತದೆಯೇ ಎನ್ನುವುದು ಎನೋಸನಿಗೆ ಅಪ್ಪನಿಂದ ಬಂದ ವಾದ. ಅವನ ಹೆಂಡತಿ ಸಲೋಮಾಳಿಗೆ ಹಸುವಿಗಿಂತ ಗಿರಾಕಿಗಳ ಚಿಂತೆ ಹೆಚ್ಚು. ಅವಳ ಬ್ರೆಡ್ಡು, ಸೇಬಿನ ಪೈ ಕೊಳ್ಳುವವರೆಲ್ಲ ಇಂಗ್ಲಿಷರು. ಕಾರು, ಕರೆಂಟು ಇಟ್ಟುಕೊಂಡ ಹೊರಗಿನವರನ್ನು ನಾವು ಹಾಗೆ ಕರೆಯುವುದು. ಅವರು ಬಂದು ನಿಲ್ಲುವ ಹೊತ್ತಿಗೆ ಪೈ ಬೆಂದಿರಬೇಕಲ್ಲ. ಒಂದು ವಸಂತದಲ್ಲಿ ಅವಳು ಅಡುಗೆಮನೆಯ ಗಡಿಯಾರವನ್ನು, ಮದುವೆ ಗೊತ್ತಾದಾಗ ಎನೋಸನೇ ಕೊಟ್ಟಿದ್ದನ್ನು, ಒಂದು ಗಂಟೆ ಮುಂದಿಟ್ಟಳು. ಎನೋಸ್ ಗಡಿಯಾರವನ್ನು ಮುಟ್ಟಲಿಲ್ಲ. ಜಗಳವಾಡಬಾರದು ಎಂದು ಕಲಿತು ಬೆಳೆದವರು ನಾವು. ಜಗಳವಾಡದೆ ಹಟ ಸಾಧಿಸುವುದನ್ನೂ ಅದರ ಜೊತೆಗೇ ಕಲಿತಿರುತ್ತೇವೆ.

ಅವನು ಹಳೆಯ ಶಾಲೆಯ ಮಾಡಿನಿಂದ ಬಿದ್ದ ಕಲ್ಲುಹಲಗೆಯೊಂದನ್ನು ತಂದು ಅಂಗಳದ ಮರದ ಬೊಡ್ಡೆಯ ಮೇಲೆ ಮಟ್ಟವಾಗಿ ಕೂರಿಸಿದ. ಕಬ್ಬಿಣದ ಕಡ್ಡಿಯೊಂದನ್ನು ಧ್ರುವನಕ್ಷತ್ರದ ಕಡೆಗೆ ವಾಲಿಸಿ ನೆಟ್ಟ. ಇನ್ನು ನೆರಳಿನಿಂದ ಹೊತ್ತು ಹೇಳುವ ಗೆರೆ ಗುರುತಿಸಲು ನಿಧಾನದ ಗಡಿಯಾರ ಬೇಕು. ಅದಿದ್ದದ್ದು ಹೊಲದಾಚೆಯ ಜೋವಾಸನ ಮನೆಯಲ್ಲಿ. ತಾಸು ತಾಸಿಗೂ ಜೋವಾಸ್ ತನ್ನ ಅಂಗಳದ ಊಟದ ಗಂಟೆ ಬಾರಿಸುವುದು, ಬಾರಿಸಿದೊಡನೆ ಎನೋಸ್ ನೆರಳಿನ ಉದ್ದಕ್ಕೂ ಮೊಳೆಯಿಂದ ಗೀರುವುದು ಎಂದು ಒಪ್ಪಂದವಾಯಿತು. ಮಧ್ಯಾಹ್ನದ ಹೊತ್ತಿಗೆ ಜೋವಾಸ್ ಬೇಲಿಯವರೆಗೆ ನಡೆದು ಬಂದ.

"ಸಾಕು ಮಾಡಪ್ಪ ಎನೋಸ್. ಗಂಟೆ ಬಡಿದಾಗೆಲ್ಲ ನನ್ನ ಮಕ್ಕಳು ನೇಗಿಲು ಬಿಟ್ಟು ಉಣ್ಣೋಕೆ ಓಡಿ ಬರ್ತಾರೆ. ಹಂದಿಗಳೂ ಬರ್ತವೆ. ಇವತ್ತು ನಮ್ಮನೇಲಿ ಉಳುಮೆ ಆಗಿಲ್ಲ, ಬರೀ ಊಟ ಆಗಿದೆ."

"ಇನ್ನೊಂದ್ನಾಲ್ಕು ಗೆರೆ ಕಣೋ."

"ಹೆಂಡ್ತಿ ಹತ್ರ ಒಂದ್ ಮಾತು ಸೋತಿದ್ರೆ ಇಷ್ಟೆಲ್ಲ ಬೇಕಿತ್ತಾ?"

ಎನೋಸ್ ಮೊಳೆಯನ್ನು ಕಲ್ಲಿಗೆ ಮಸೆಯುತ್ತ ಕೂತ. ಸಂಜೆಯೊಳಗೆ ಗೆರೆಗಳು ಮುಗಿದವು, ಗೆರೆಯ ತುದಿಗೆ ಅಂಕಿಗಳೂ ಬಿದ್ದವು.

ಅಂದಿನಿಂದ ಪ್ರತಿ ಬೇಸಿಗೆಯಲ್ಲೂ ಒಳಗೆ ಅವಳ ಗಡಿಯಾರ, ಹೊರಗೆ ಅವನ ನೆರಳು. ಎನೋಸ್ ಯಾವ ಹೊತ್ತು ಹೇಳಿದರೂ ಸಲೋಮಾ ಮನಸ್ಸಿನಲ್ಲೇ ಒಂದು ಗಂಟೆ ಕೂಡಿಸಿಕೊಳ್ಳುತ್ತಿದ್ದಳು. ಮಕ್ಕಳಿಲ್ಲದ ಮನೆ, ಇಬ್ಬರೇ. ವರ್ಷಗಟ್ಟಲೆ ಹಾಗೆಯೇ ನಡೆಯಿತು, ಒಂದು ಸಲವೂ ತಪ್ಪಲಿಲ್ಲ.

ಆಮೇಲೆ ಇಂಡಿಯಾನಾದಲ್ಲಿದ್ದ ಸಲೋಮಾಳ ತಂಗಿ ಡೀನಾ ಹೆರಿಗೆಯಾದ ಮೇಲೆ ಹಾಸಿಗೆ ಹಿಡಿದಳು. ಅಕ್ಕನನ್ನು ನೋಡಬೇಕು ಎನ್ನುತ್ತಿದ್ದಾಳೆ ಎಂದು ಸುದ್ದಿ ಬಂತು. ನಾಲ್ಕಾರು ಮನೆಗಳಿಗೆ ಸೇರಿದ ಫೋನು ರಸ್ತೆಬದಿಯ ಮರದ ಗೂಡಿನಲ್ಲಿತ್ತು. ಎನೋಸ್ ಅಲ್ಲಿಗೆ ಹೋಗಿ ಬಾಡಿಗೆ ವ್ಯಾನಿನ ಡಾರ್ಲೀನಳನ್ನು ವಿಚಾರಿಸಿದ. ಬೆಳಿಗ್ಗೆ ಆರಕ್ಕೆ ಕೂಡುದಾರಿಗೆ ಬರುತ್ತೇನೆ, ಬೇರೆ ಜನರೂ ಇದ್ದಾರೆ, ಕಾಯಲಾಗುವುದಿಲ್ಲ ಎಂದಳು. ಡಾರ್ಲೀನ್ ಇಂಗ್ಲಿಷಳು. ಅವಳ ಆರು ಎಂದರೆ ಅವಸರದ ಆರು.

ಎನೋಸ್ ಮನೆಗೆ ಬಂದಾಗ ಸಲೋಮಾ ಅಳುತ್ತ ಬಟ್ಟೆ ಮಡಚುತ್ತಿದ್ದಳು. ಇಂಥ ದಿನವಾದರೂ ನನ್ನ ಹಟ ಬೇಡ, ಅವಳ ಗಡಿಯಾರದ ಹೊತ್ತನ್ನೇ ಹೇಳೋಣ ಎಂದುಕೊಂಡು "ಆರಕ್ಕೆ" ಎಂದ. ಅಷ್ಟೇ ಎಂದ. ಸಲೋಮಾ ಎಂದಿನಂತೆ ಒಂದು ಕೂಡಿಸಿಕೊಂಡಳು.

ಮಾರನೆಯ ಬೆಳಿಗ್ಗೆ ಅವನು ಹಾಲು ಕರೆದು ಒಳಗೆ ಬಂದರೆ, ಅವಳು ಕಪ್ಪು ಟೋಪಿ ಕಟ್ಟಿಕೊಂಡು ಕಾಫಿ ಕುಡಿಯುತ್ತ ಕೂತಿದ್ದಳು. ಗಡಿಯಾರ ಆರೂವರೆ ತೋರಿಸುತ್ತಿತ್ತು.

"ಇನ್ನೂ ಹೋಗ್ಲಿಲ್ವಾ?"

"ಇನ್ನೂ ಅರ್ಧ ಗಂಟೆ ಇದೆಯಲ್ಲ."

ಎನೋಸ್ ಬಕೆಟ್ಟನ್ನು ಅಲ್ಲೇ ಕುಕ್ಕಿ ಕೂಡುದಾರಿಗೆ ಓಡಿದ. ಒದ್ದೆ ಹುಲ್ಲಿನ ಮೇಲೆ ಗಾಲಿಯ ಗುರುತು ಮಾತ್ರ ಇತ್ತು. ಬೇರೆ ವ್ಯಾನು ಸಿಕ್ಕಿದ್ದು ಮರುದಿನ. ಇಬ್ಬರೂ ಇಂಡಿಯಾನಾ ಮುಟ್ಟುವಷ್ಟರಲ್ಲಿ ಡೀನಾಳಿಗೆ ಹೆಂಗಸರು ಕೊನೆಯ ಬಿಳಿಯ ಬಟ್ಟೆ ಉಡಿಸಿ ಮುಗಿಸಿದ್ದರು.

ತಿರುಗಿ ಬಂದ ಮೇಲೆ ಎನೋಸ್ ಮಂಡಿಯೂರಿ ತಪ್ಪೊಪ್ಪಿಕೊಂಡ. ಕ್ಷಮಿಸಿದ್ದೇನೆ ಎಂದಳು ಸಲೋಮಾ. ನಮ್ಮಲ್ಲಿ ಬೇರೆ ಮಾತು ಹೇಳುವಂತಿಲ್ಲ. ನಿನ್ನ ಗಡಿಯಾರದ ಆರನ್ನೇ ಹೇಳಿದ್ದೆನಲ್ಲ ಎಂದು ಅವನು ಬಿಡಿಸಿ ಹೇಳಲು ಹೋದಾಗ ಮಾತ್ರ ಅವಳು ಮುಖವೆತ್ತಿ ನೋಡಿದಳು.

"ಇಷ್ಟು ವರ್ಷದಲ್ಲಿ ಒಂದ್ಸಲನಾದ್ರೂ ನನ್ನ ಹೊತ್ತು ನಿನ್ನ ಬಾಯಲ್ಲಿ ಬಂದಿತ್ತಾ, ಎನೋಸ್? ಅವತ್ತೇ ಬರ್ಬೇಕಿತ್ತಾ?"

ಅವಳು ನನ್ನ ಮಾತನ್ನು ಮತ್ತೆ ನಂಬುವಂತಾಗಬೇಕು. ಎನೋಸನಿಗೆ ಊಟದಲ್ಲೂ ನಿದ್ದೆಯಲ್ಲೂ ಅದೊಂದೇ ಯೋಚನೆ. ಮೊದಲು ಆ ಕಲ್ಲನ್ನು ಅವಳ ಹೊತ್ತಿಗೆ ಸರಿಮಾಡಬೇಕು ಎಂದು ಮೊಳೆ ಹಿಡಿದು ಹೊರಟ. ಅಡುಗೆಮನೆಯ ಗಡಿಯಾರ ಹತ್ತು ಹೊಡೆಯಿತು. ಹೊಸ ಗೆರೆ ಎಳೆಯಲು ಬಗ್ಗಿ ನೋಡಿದರೆ ನೆರಳು ಹಳೆಯ ಒಂಬತ್ತರ ಗೆರೆಯ ಮೇಲೇ ಬಿದ್ದಿತ್ತು. ಹನ್ನೊಂದಕ್ಕೂ ಅಷ್ಟೇ, ಹಳೆಯ ಹತ್ತರ ಮೇಲೆ. ಹೊಸ ಗೆರೆ ಎಳೆಯುವ ಜಾಗವೇ ಇರಲಿಲ್ಲ. ಬದಲಾಗಬೇಕಾದದ್ದು ಅಂಕಿ ಮಾತ್ರ. ಇಷ್ಟು ಸಣ್ಣದಕ್ಕೆ ಅಷ್ಟು ವರ್ಷ ಹಿಡಿದು ಕೂತಿದ್ದೆನಲ್ಲ ಎಂದುಕೊಂಡ. ಅಂಕಿಗಳನ್ನೆಲ್ಲ ಕೆರೆದು ತೆಗೆದ. ಹೊಸ ಅಂಕಿ ಕೆತ್ತಲು ಕೂತಾಗ ಸಲೋಮಾ ಬಟ್ಟೆ ಒಣಗಿಸಲು ಬಂದವಳು ನಿಂತು ನೋಡಿದಳು.

"ಚಳಿಗಾಲಕ್ಕೆ ಸರ್ಕಾರದವರು ಗಡಿಯಾರ ಮತ್ತೆ ಹಿಂದಕ್ಕೆ ಇಡ್ತಾರೆ. ಆಗೇನು ಮಾಡ್ತೀಯ, ಮತ್ತೆ ಕೆರೀತೀಯಾ?"

ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಚೆನ್ನಾಗಿತ್ತು. ಗೆರೆಗಳು ಅಂಕಿಯಿಲ್ಲದೆ ಉಳಿದವು.

ಹಿಮ ಕರಗುವ ಕಾಲಕ್ಕೆ ಡೀನಾಳ ಗಂಡ ಹೇಳಿಕಳುಹಿಸಿದ: ಕೈಗೂಸು ಸೇರಿ ಮೂರು ಮಕ್ಕಳು, ನನ್ನೊಬ್ಬನಿಂದ ಆಗುತ್ತಿಲ್ಲ, ಇಬ್ಬರೂ ಬಂದು ಇಲ್ಲೇ ಇದ್ದುಬಿಡಿ ಎಂದು. ಎನೋಸ್ ಹುಟ್ಟಿದ್ದೇ ಈ ಮನೆಯ ಕೋಣೆಯಲ್ಲಿ. ಆದರೂ ಸಲೋಮಾ ಬಾಯಿ ತೆರೆಯುವ ಮೊದಲೇ ಹೋಗೋಣ ಎಂದವನು ಅವನು. ಅವಳು ತಲೆಯಾಡಿಸಿದಳು. ಹಸುಗಳು ಜೋವಾಸನ ಕೊಟ್ಟಿಗೆ ಸೇರಿದವು.

ಹೊರಡುವ ಹಿಂದಿನ ದಿನ, ವ್ಯಾನು ಎಷ್ಟು ಹೊತ್ತಿಗೆಂದು ಕೇಳಿಕೊಂಡು ಬರುತ್ತೇನೆ ಎಂದು ಎನೋಸ್ ಹ್ಯಾಟು ತೆಗೆದುಕೊಂಡ.

"ಬೇಡ, ನಾನೇ ಹೋಗಿ ಕೇಳ್ತೀನಿ" ಎಂದಳು ಸಲೋಮಾ.

ಅವಳು ಫೋನಿನ ಗೂಡಿಗೆ ನಡೆದು ಹೋದಳು, ತಿರುಗಿ ಬಂದು ಪಾತ್ರೆ ಕಟ್ಟತೊಡಗಿದಳು. ಹೊತ್ತು ಎಷ್ಟೆಂದು ಅವಳು ಹೇಳಲಿಲ್ಲ, ಅವನು ಕೇಳಲಿಲ್ಲ. ಬೆಳಕು ಹರಿಯುವ ಮುಂಚೆಯೇ ಎನೋಸ್ ಕೋಟು ತೊಟ್ಟು ಬೆಂಚಿನ ಮೇಲೆ ಕೂತಿದ್ದ. ಸಲೋಮಾ ಟೋಪಿಯ ದಾರ ಕಟ್ಟಿ ಎದ್ದಾಗ ಅವನೂ ಎದ್ದ. ಪೆಟ್ಟಿಗೆಯನ್ನು ಹೆಗಲಿಗೇರಿಸಿ, ಬಾಗಿಲನ್ನು ಎಳೆದುಕೊಂಡು, ಅವಳ ಹಿಂದೆ ನಡೆದ.